ಹೆಸರು ಹೇಳದೆ ದೂರು ಕೊಡುವ ಸಹಾಯವಾಣಿ: ಐದಕ್ಕೆ ಮೂರೂವರೆ

ಹೋಟೆಲಿಗೆ, ಮಿಕ್ಸಿಗೆ, ಹಲ್ಲಿನ ಡಾಕ್ಟರಿಗೆ ನಕ್ಷತ್ರ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಂಪನಿಗಳು ಗೋಡೆಗೆ ಅಂಟಿಸುವ ಎಥಿಕ್ಸ್ ಹೆಲ್ಪ್‌ಲೈನಿಗೆ, ಅಂದರೆ ಒಳಗಿನ ಅಕ್ರಮವನ್ನು ಗುಟ್ಟಾಗಿ ತಿಳಿಸುವ ಸಹಾಯವಾಣಿಗೆ, ಬಳಸಿದವರೇ ಬರೆದ ವಿಮರ್ಶೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬಳಸಿದವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡುವವರು ಬಳಸಿರುವುದಿಲ್ಲ. ನಾನೀಗ ನಿವೃತ್ತಳು. ಗ್ರಾಚ್ಯುಟಿ, ಭವಿಷ್ಯನಿಧಿ ಎಲ್ಲವೂ ಕೈಸೇರಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಕಂಪನಿಯ ಹೆಸರನ್ನೂ ಸಹಾಯವಾಣಿ ನಡೆಸುವ ಸಂಸ್ಥೆಯ ಹೆಸರನ್ನೂ ಹೇಳುವುದಿಲ್ಲ. ತುಮಕೂರು ರಸ್ತೆಯ ಪಕ್ಕದ ಒಂದು ಕೈಗಾರಿಕಾ ಪ್ರದೇಶ, ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ, ಅಲ್ಲಿನ ಸ್ಟೋರ್ಸ್ ವಿಭಾಗದಲ್ಲಿ ತಲೆ ನರೆಯುವವರೆಗೆ ಕೆಲಸ ಮಾಡಿದವಳು ನಾನು, ಇಷ್ಟು ಸಾಕು. ಗುರುತು ಹಿಡಿಯಬಹುದಾದ ಒಂದೆರಡು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಯಾವುವು ಎಂದು ಕೇಳಬೇಡಿ.

ಪೋಸ್ಟರಿನಿಂದ ಶುರು ಮಾಡುತ್ತೇನೆ, ಏಕೆಂದರೆ ಇಡೀ ಸೇವೆಯಲ್ಲಿ ಅತ್ಯಂತ ಕಳಪೆಯಾದದ್ದು ಅದೇ. ನಗುಮುಖದ ಮೂವರು ಹೆಲ್ಮೆಟ್ ಧರಿಸಿ ಹೆಬ್ಬೆರಳು ಎತ್ತಿ ನಿಂತಿದ್ದಾರೆ. ಕೆಳಗೆ 1800ರಿಂದ ಶುರುವಾಗುವ ಉಚಿತ ಕರೆಯ ನಂಬರು, ಒಂದು ಜಾಲತಾಣದ ವಿಳಾಸ, ಒಂದು ಕ್ಯೂಆರ್ ಕೋಡ್. ಅಕ್ಷರವೆಲ್ಲ ಇಂಗ್ಲಿಷಿನದು. ಅಂಟಿಸಿರುವುದು ಸ್ಟಾಫ್ ಕ್ಯಾಂಟೀನಿನಲ್ಲಿ, ಸಿಸಿ ಕ್ಯಾಮೆರಾದ ನೇರ ಕೆಳಗೆ. ಮಾನವ ಸಂಪನ್ಮೂಲ ವಿಭಾಗದವರು ಊಟಕ್ಕೆ ಕೂರುವ ಮೇಜಿನ ಎದುರು, ಕ್ಯಾಮೆರಾದ ಕಣ್ಣೆದುರು ಮೊಬೈಲ್ ಎತ್ತಿ ಆ ಕೋಡ್ ಸ್ಕ್ಯಾನ್ ಮಾಡುವ ಧೈರ್ಯವಂತರು ಯಾರಿದ್ದಾರೆ? ಗುತ್ತಿಗೆ ಕಾರ್ಮಿಕರಿಗಂತೂ ಆ ಕ್ಯಾಂಟೀನಿಗೆ ಪ್ರವೇಶವೇ ಇಲ್ಲ. ಕಾರ್ಖಾನೆಯೊಳಗೆ ನಡೆಯುವ ಅಕ್ರಮದ ಬಿಸಿ ಮೊದಲು ತಟ್ಟುವುದು ಅವರಿಗೆ.

ಈ ಪೋಸ್ಟರ್ ಮಾಲೀಕರ ಔದಾರ್ಯವಲ್ಲ ಎಂಬುದನ್ನೂ ಹೇಳಬೇಕು. ಕಂಪನಿಗಳ ಕಾಯ್ದೆ 2013ರ 177ನೇ ಸೆಕ್ಷನ್ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳು, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿಗಳು, ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಂದ 50 ಕೋಟಿ ರೂಪಾಯಿಗೂ ಹೆಚ್ಚು ಸಾಲ ಎತ್ತಿದ ಕಂಪನಿಗಳು ಇಂಥದೊಂದು ವ್ಯವಸ್ಥೆ ಇಟ್ಟುಕೊಳ್ಳಲೇಬೇಕು. ದೂರು ಕೊಟ್ಟವರಿಗೆ ಕಿರುಕುಳ ಆಗದಂತೆ ನೋಡಿಕೊಳ್ಳಬೇಕು. ತಕ್ಕ ಸಂದರ್ಭದಲ್ಲಿ ಅವರು ಲೆಕ್ಕಪರಿಶೋಧನಾ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ತಲುಪಲು ದಾರಿ ಇರಬೇಕು. ಪದೇಪದೇ ಹುರುಳಿಲ್ಲದ ದೂರು ಕೊಡುವವರ ಮೇಲೆ ಕ್ರಮ ಕೈಗೊಳ್ಳಬಹುದು ಎಂದೂ ನಿಯಮ ಹೇಳುತ್ತದೆ. ನಮ್ಮ ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಇದ್ದದ್ದು ಈ ಕೊನೆಯ ಮಾತು ಮಾತ್ರ.

ಇನ್ನು ನನ್ನ ದೂರಿನ ವಿಷಯ. ಲೋಹ ಕೊರೆಯುವ ಯಂತ್ರಗಳಿಂದ ದಿನವೂ ರಾಶಿ ರಾಶಿ ಉಕ್ಕಿನ ಸಿಪ್ಪೆ ಬೀಳುತ್ತದೆ. ಅದನ್ನು ಗುತ್ತಿಗೆದಾರ ತೂಕದ ಲೆಕ್ಕದಲ್ಲಿ ಕೊಂಡು ಒಯ್ಯುತ್ತಾನೆ. ಖಾಲಿ ಲಾರಿಯನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಒಂದು ತೂಕ, ತುಂಬಿದ ಮೇಲೆ ಇನ್ನೊಂದು ತೂಕ. ಎರಡರ ವ್ಯತ್ಯಾಸಕ್ಕೆ ದುಡ್ಡು. ವೇಬ್ರಿಡ್ಜಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇತ್ತು, ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಯಂತ್ರ ಒಂದು ಕಿಲೋ ಸುಳ್ಳು ಹೇಳಿದ್ದಿಲ್ಲ. ಆದರೆ ಅದೇ ಲಾರಿ ಕೆಲವೊಮ್ಮೆ ಮರದ ಪ್ಯಾಲೆಟ್ ತಂದು ಇಳಿಸುತ್ತಿತ್ತು. ಇಳಿಸಿದ ಮೇಲೆ ಅದರ ಖಾಲಿ ತೂಕ 4,100 ಕೆ.ಜಿ. ಆಸುಪಾಸು. ಸ್ಕ್ರ್ಯಾಪ್ ಒಯ್ಯಲು ಬಂದ ದಿನ ಅದೇ ಲಾರಿಯ ಖಾಲಿ ತೂಕ 4,900. ನೋಂದಣಿ ಪುಸ್ತಕದಲ್ಲಿ ನಮೂದಾದ ಖಾಲಿ ತೂಕ ಮೊದಲನೆಯದಕ್ಕೆ ಹತ್ತಿರ.

ಎಂಟು ನೂರು ಕಿಲೋ ಎಲ್ಲಿಂದ ಬಂತು ಎಂದು ತಲೆ ಕೆರೆದುಕೊಳ್ಳುತ್ತಿದ್ದವಳಿಗೆ ಉತ್ತರ ಕೊಟ್ಟದ್ದು ಸೊಪ್ಪು. ಏಪ್ರಿಲ್ ತಿಂಗಳ ಉರಿಬಿಸಿಲು, ಕಾಂಪೌಂಡಿನ ಹುಲ್ಲೆಲ್ಲ ಒಣಗಿ ಕಡ್ಡಿಯಾಗಿದೆ. ಸ್ಕ್ರ್ಯಾಪ್ ಯಾರ್ಡಿನ ಹಿಂಬದಿಯ ಒಂದು ಮೂಲೆಯಲ್ಲಿ ಮಾತ್ರ ಹೊನಗೊನ್ನೆ ಸೊಪ್ಪು ಹುಲುಸಾಗಿ ಹಬ್ಬಿತ್ತು. ಹೌಸ್‌ಕೀಪಿಂಗ್ ಹೆಂಗಸರು ಮನೆಗೆ ಹೋಗುವ ಮುಂಚೆ ಸೆರಗಿಗೆ ಕೊಯ್ದುಕೊಳ್ಳುತ್ತಿದ್ದರು. ಅಲ್ಲಿ ನಲ್ಲಿ ಇಲ್ಲ, ಪೈಪ್ ಇಲ್ಲ. ನೀರು ಎಲ್ಲಿಂದ ಬರುತ್ತದೆ ಎಂದರೆ, "ಲಾರಿಯವರು ಡ್ರಮ್ ಖಾಲಿ ಮಾಡುತ್ತಾರಲ್ಲ ಮೇಡಂ" ಎಂದಳು ಒಬ್ಬಳು, ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ. ಇನ್ನೂರು ಲೀಟರಿನ ನಾಲ್ಕು ನೀಲಿ ಡ್ರಮ್ಮುಗಳು, ಮೇಲೆ ಟಾರ್ಪಾಲಿನ್. ನೀರು ತುಂಬಿಕೊಂಡು ಬಂದು ಖಾಲಿ ತೂಕ ಹಾಕಿಸುವುದು, ಹಿಂದೆ ಹೋಗಿ ನೀರು ಚೆಲ್ಲುವುದು, ಆಮೇಲೆ ಸಿಪ್ಪೆ ತುಂಬುವುದು. ಪ್ರತಿ ಲೋಡಿಗೆ ಎಂಟು ನೂರು ಕಿಲೋ ಉಕ್ಕು ಪುಕ್ಕಟೆ. ಕಿಲೋಗೆ ಮೂವತ್ತು ರೂಪಾಯಿಯಂತೆ ಹಿಡಿದರೂ ಲೋಡಿಗೆ 24 ಸಾವಿರ. ಅದರಲ್ಲಿ ಯಾರ ಯಾರ ಪಾಲು ಎಷ್ಟು ಎಂಬುದು ನನಗೆ ಬೇಕಿರಲಿಲ್ಲ. ಸ್ಕ್ರ್ಯಾಪ್ ವಿಲೇವಾರಿಗೆ ಸಹಿ ಹಾಕುವ ಅಧಿಕಾರಿಯ ಕೋಣೆಗೆ ಆ ಗುತ್ತಿಗೆದಾರ ಬಾಗಿಲು ತಟ್ಟದೆ ಹೋಗುತ್ತಿದ್ದ ಎಂಬುದಷ್ಟೇ ಗೊತ್ತಿತ್ತು.

ಮನೆಯಲ್ಲಿ ಹೇಳಿದಾಗ ಯಜಮಾನರು ಪೇಪರ್ ಮಡಚಿಟ್ಟು ಒಂದೇ ಹೆಸರು ಹೇಳಿದರು: ಮಂಜುನಾಥ್. ಕೆಜಿಎಫ್‌ನ ಹುಡುಗ, ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್, ಲಖನೌ ಐಐಎಂನಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್ ಸೇರಿದ್ದ ಷಣ್ಮುಗಂ ಮಂಜುನಾಥ್. ಕಲಬೆರಕೆ ಇಂಧನ ಮಾರುತ್ತಿದ್ದ ಪೆಟ್ರೋಲ್ ಬಂಕಿನ ಮೇಲೆ ಕ್ರಮ ಕೈಗೊಂಡದ್ದಕ್ಕೆ 2005ರ ನವೆಂಬರಿನಲ್ಲಿ ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಗುಂಡಿಗೆ ಬಲಿಯಾದ. ಅದಕ್ಕೂ ಎರಡು ವರ್ಷ ಮೊದಲು ಬಿಹಾರದ ಗಯಾದಲ್ಲಿ ಸತ್ಯೇಂದ್ರ ದುಬೆ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದು, ತನ್ನ ಹೆಸರು ಗುಟ್ಟಾಗಿರಲಿ ಎಂದು ಕೇಳಿಕೊಂಡಿದ್ದ ಎಂಜಿನಿಯರ್. ಆ ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ಓಡಾಡಿತು. 2003ರ ನವೆಂಬರಿನಲ್ಲಿ ಅವನನ್ನು ಕೊಂದರು. ಆ ಗಲಾಟೆಯ ಬೆನ್ನಿಗೇ 2004ರಲ್ಲಿ ಇಂಥ ದೂರು ಸ್ವೀಕರಿಸುವ ಹೊಣೆಯನ್ನು ಕೇಂದ್ರ ಜಾಗೃತ ಆಯೋಗಕ್ಕೆ ವಹಿಸಿದರು. ದೂರುದಾರರ ರಕ್ಷಣೆಗೆಂದು 2014ರಲ್ಲಿ ಪಾರ್ಲಿಮೆಂಟಿನಲ್ಲಿ ಪಾಸಾದ ಕಾಯ್ದೆ ಜಾರಿಯ ಅಧಿಸೂಚನೆಯಿಲ್ಲದೆ ಕುಳಿತುಬಿಟ್ಟಿತು. ಜಾರಿಯಾಗಿದ್ದರೂ ಅದು ಸರ್ಕಾರಿ ನೌಕರರ ಅಕ್ರಮದ ಕುರಿತಾದದ್ದು, ಖಾಸಗಿ ಕಾರ್ಖಾನೆಯ ಸ್ಟೋರ್ಸಿನವಳಿಗೆ ಅದರಿಂದ ಕವಡೆ ಕಾಸಿನ ಪ್ರಯೋಜನವಿಲ್ಲ. ನಾಲ್ಕು ಡ್ರಮ್ ನೀರಿಗೆ ಯಾರೂ ಗುಂಡು ಹಾರಿಸುವುದಿಲ್ಲ ಎಂದು ನಾನು ವಾದಿಸಿದೆ. ಅವರು ಉತ್ತರಿಸಲಿಲ್ಲ. ಆದರೆ ಭಾನುವಾರ ತಾವೇ ಟಿವಿ ಆರಿಸಿ, ಬಾಗಿಲು ಹಾಕಿ, ಫೋನ್ ತಂದು ಕೈಗಿಟ್ಟರು.

ಇಲ್ಲಿಂದ ಸೇವೆಯ ಗುಣಮಟ್ಟಕ್ಕೆ ಬರೋಣ. ಧ್ವನಿಮುದ್ರಿತ ಸ್ವಾಗತ ಚಿಕ್ಕದಾಗಿತ್ತು, ಸಂಗೀತದ ಕಾಟ ಇರಲಿಲ್ಲ, ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇತ್ತು. ಕನ್ನಡಕ್ಕೆ ಒತ್ತಿದರೆ ಕನ್ನಡ ಬಲ್ಲವರೇ ಸಿಕ್ಕರು. ಮಾತಿನಲ್ಲಿ ಧಾರವಾಡದ ಕಡೆಯ ಸೊಗಡು. ನನ್ನ ಮೊದಲ ಪ್ರಶ್ನೆ, ನನ್ನ ನಂಬರು ನಿಮಗೆ ಕಾಣುತ್ತಿದೆಯೇ ಎಂಬುದು. ಕಾಣುತ್ತಿದೆ, ಆದರೆ ನಾವು ಕಂಪನಿಗೆ ಕಳುಹಿಸುವ ವರದಿಗೆ ಅದು ಸೇರುವುದಿಲ್ಲ ಎಂದರು ಆಕೆ. ಇಲ್ಲವೇ ಇಲ್ಲ ಎಂದು ಹೇಳಿದ್ದರೆ ಅಲ್ಲಿಗೇ ಫೋನ್ ಇಡುತ್ತಿದ್ದೆ. ಆಮೇಲೆ ಮೂರು ದಾರಿ ವಿವರಿಸಿದರು. ಹೆಸರು ಹೇಳಬಹುದು, ಅದು ಕಂಪನಿಯ ನೈತಿಕತಾ ಸಮಿತಿಗೆ ಹೋಗುತ್ತದೆ. ಹೆಸರು ಸಹಾಯವಾಣಿಯವರಲ್ಲೇ ಉಳಿಯಬಹುದು. ಅಥವಾ ಹೆಸರೇ ಹೇಳದಿರಬಹುದು. ಆದರೆ ಕಂಪನಿಯ ನೀತಿಯ ಪ್ರಕಾರ ಅನಾಮಧೇಯ ದೂರಿನಲ್ಲಿ ಪರಿಶೀಲಿಸಬಹುದಾದ ಅಂಶ ಇಲ್ಲದಿದ್ದರೆ ತನಿಖೆ ಶುರುವಾಗುವುದಿಲ್ಲ. ನಾನು ಮೂರನೆಯದನ್ನು ಆರಿಸಿಕೊಂಡೆ.

ನನ್ನ ಬಳಿ ತೂಕದ ಚೀಟಿಗಳ ನಕಲು ಸಿದ್ಧವಾಗಿದ್ದವು. ಪ್ಯಾಲೆಟ್ ಇಳಿಸಿದ ದಿನದವು, ಸ್ಕ್ರ್ಯಾಪ್ ಒಯ್ದ ದಿನದವು, ಜೋಡಿ ಜೋಡಿಯಾಗಿ ಪಿನ್ ಹಾಕಿ ಇಟ್ಟುಕೊಂಡಿದ್ದೆ. ಕಳುಹಿಸಲೇ ಎಂದೆ. ಆಕೆ ಕೊಂಚ ತಡೆದು ಕೇಳಿದರು: "ಈ ಎರಡೂ ಬಗೆಯ ಚೀಟಿಗಳನ್ನು ಒಟ್ಟಿಗೆ ನೋಡುವವರು ನಿಮ್ಮಲ್ಲಿ ಎಷ್ಟು ಜನ ಇದ್ದಾರೆ?"

ನನ್ನ ಪಾಲಿಗೆ ಈ ಸೇವೆಯ ಅಷ್ಟೂ ಬೆಲೆ ಆ ಒಂದು ಪ್ರಶ್ನೆಯಲ್ಲಿದೆ. ಒಳಬರುವ ಸರಕಿನ ಚೀಟಿ ಬೇರೆ ಫೈಲು, ಹೊರಹೋಗುವ ಸ್ಕ್ರ್ಯಾಪಿನದು ಬೇರೆ ಫೈಲು. ಎರಡೂ ಬಂದು ಬೀಳುವುದು ಒಬ್ಬಳ ಮೇಜಿನ ಮೇಲೆ. ಹೆಸರನ್ನು ಎಷ್ಟು ಬಿಗಿಯಾಗಿ ಮುಚ್ಚಿಟ್ಟರೂ ಆ ಪಿನ್ ಹಾಕಿದ ಜೋಡಿಯೇ ನನ್ನ ಸಹಿಯಾಗುತ್ತಿತ್ತು. ದೂರುದಾರರ ಗುಟ್ಟು ಒಡೆಯುವುದು ಹೆಚ್ಚಾಗಿ ಹೀಗೆಯೇ ಎಂದು ಆಕೆ ವಿವರಿಸಿದರು. ಹೆಸರು ಸೋರುವುದಕ್ಕಿಂತ, ಇದು ಯಾರಿಗೆ ತಾನೇ ಗೊತ್ತಿರಲು ಸಾಧ್ಯ ಎಂದು ಲೆಕ್ಕ ಹಾಕಿ ಕಂಡುಹಿಡಿಯುವುದೇ ಸುಲಭವಂತೆ. ಚೀಟಿಗಳನ್ನು ಅಲ್ಲೇ ಬಿಡಿ, ತನಿಖೆಗೆ ಬಂದವರು ಅದನ್ನು ತಾವಾಗಿಯೇ ಕಂಡುಕೊಳ್ಳಲು ದಾರಿ ಇದೆಯೇ ನೋಡಿ ಎಂದರು. ಇತ್ತು. ವೇಬ್ರಿಡ್ಜಿನ ಕಂಪ್ಯೂಟರಿನಲ್ಲಿ ವಾಹನದ ನಂಬರು ಹಾಕಿದರೆ ಅದರ ಹಳೆಯ ತೂಕಗಳೆಲ್ಲ ಸಾಲಾಗಿ ಬರುತ್ತವೆ. ವರದಿಯಲ್ಲಿ ಕೊನೆಗೆ ಉಳಿದದ್ದು ಇಷ್ಟು: ಇಂಥ ನಂಬರಿನ ಲಾರಿಯ ಖಾಲಿ ತೂಕಗಳನ್ನು ಒಂದು ವರ್ಷದ ಮಟ್ಟಿಗೆ ತೆಗೆದು ನೋಡಿ, ನೋಂದಣಿ ಪುಸ್ತಕದೊಂದಿಗೆ ಹೋಲಿಸಿ, ಯಾರ್ಡಿನ ಹಿಂದೆ ನೀರು ಏಕೆ ನಿಲ್ಲುತ್ತದೆ ಎಂದು ಕೇಳಿ. ಕಾವಲುಗಾರ, ಚಾಲಕ, ಕಸ ಗುಡಿಸುವವರು, ಲೆಕ್ಕಪತ್ರ ವಿಭಾಗದವರು ಯಾರು ಬೇಕಾದರೂ ಹೇಳಿರಬಹುದಾದ ಮಾತು.

ಬರೆದುಕೊಂಡದ್ದನ್ನು ಓದಿ ಹೇಳಿದರು. ಖಾಲಿ ತೂಕ ಇರಬೇಕಾದ ಕಡೆ ಭರ್ತಿ ತೂಕ ಎಂದಾಗಿತ್ತು; ತಿದ್ದಿಸಿದೆ. ಬೇಸರವಿಲ್ಲದೆ ಮತ್ತೊಮ್ಮೆ ಮೊದಲಿನಿಂದ ಓದಿದರು. ಫೋಟೊ ಕಳುಹಿಸುವುದಾದರೆ ಅದರೊಳಗೆ ಮೊಬೈಲಿನ ಮಾದರಿ, ಸಮಯ, ಕೆಲವೊಮ್ಮೆ ಜಾಗದ ವಿವರವೂ ಅಡಗಿರುತ್ತದೆ, ವರ್ಡ್ ಫೈಲಿನಲ್ಲಿ ಬರೆದವರ ಹೆಸರು ಉಳಿದಿರಬಹುದು, ಆಫೀಸಿನ ಕಂಪ್ಯೂಟರನ್ನಾಗಲಿ ವೈಫೈಯನ್ನಾಗಲಿ ಬಳಸಬೇಡಿ ಎಂದು ಎಚ್ಚರಿಸಿದರು. ಪ್ರಕರಣದ ಸಂಖ್ಯೆ ಮತ್ತು ಪಿನ್ ಕೊಟ್ಟರು. ಪಿನ್ ಮರೆತರೆ ಮತ್ತೆ ಕೊಡಲು ಆಗುವುದಿಲ್ಲ, ಏಕೆಂದರೆ ನೀವು ಯಾರೆಂದು ನಮಗೆ ಗೊತ್ತಿಲ್ಲವಲ್ಲ ಎಂದು ನಕ್ಕರು. ಅದನ್ನು ನಮ್ಮ ಮನೆಯ ಪಂಚಾಂಗದ ಶ್ರಾವಣ ಮಾಸದ ಪುಟದಲ್ಲಿ ಬರೆದಿಟ್ಟೆ. ದೂರವಾಣಿ ವಿಭಾಗಕ್ಕೆ ಐದಕ್ಕೆ ಐದು, ಮರುಮಾತಿಲ್ಲ.

ಜಾಲತಾಣಕ್ಕೆ ಅಷ್ಟು ಧಾರಾಳತನ ತೋರಿಸಲಾರೆ. ಅವರು ಮರುಪ್ರಶ್ನೆ ಕೇಳುವುದು ಅಲ್ಲಿ, ನಾವು ಉತ್ತರಿಸಬೇಕಾದದ್ದೂ ಅಲ್ಲಿ. ಲಾರಿ ಸಾಮಾನ್ಯವಾಗಿ ಯಾವ ಪಾಳಿಯಲ್ಲಿ ಬರುತ್ತದೆ ಎಂದು ಕೇಳಿದ್ದರು. ನಾನು ಕನ್ನಡದಲ್ಲಿ ಎರಡು ಪ್ಯಾರಾ ಟೈಪಿಸಿ ಕಳುಹಿಸಿದೆ. ಮರಳಿ ತೆರೆದು ನೋಡಿದರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ನನ್ನ ಉತ್ತರ ಅವರ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯಾಗಿ ಕುಳಿತಿತ್ತು. ಫೋನಿನಲ್ಲಿ ಕನ್ನಡ, ಪರದೆಯ ಮೇಲೆ ಇಲ್ಲ. ಕೊನೆಗೆ ಕರೆ ಮಾಡಿ ಪ್ರಕರಣದ ಸಂಖ್ಯೆ ಹೇಳಿ ಉತ್ತರ ಬರೆಸಿದೆ. ಇಂಗ್ಲಿಷ್ ಬರೆಯಲು ಬಾರದ, ಪದೇಪದೇ ಕರೆ ಮಾಡಲು ಹೆದರುವ ಕಾರ್ಮಿಕನೊಬ್ಬ ಅಲ್ಲಿಗೇ ಕೈಚೆಲ್ಲಿರುತ್ತಾನೆ.

ಆಮೇಲೆ ಮೌನ. ಜಾಲತಾಣದಲ್ಲಿ "ಪರಿಶೀಲನೆಯಲ್ಲಿದೆ" ಎಂಬ ಒಂದು ಸಾಲು, ತಿಂಗಳುಗಟ್ಟಲೆ. ನಮ್ಮ ಕಂಪನಿಯ ಮಾತೃಸಂಸ್ಥೆ ಯುರೋಪಿನದು. ಅಲ್ಲಿನ ಒಕ್ಕೂಟ 2019ರಲ್ಲಿ ಮಾಡಿದ ನಿರ್ದೇಶನದಂತೆ ದೂರು ತಲುಪಿದೆ ಎಂದು ಏಳು ದಿನಗಳೊಳಗೆ ತಿಳಿಸಬೇಕು, ಏನು ಕ್ರಮ ಆಯಿತು ಎಂದು ಮೂರು ತಿಂಗಳೊಳಗೆ ಹೇಳಬೇಕು. ನಮ್ಮ 177ನೇ ಸೆಕ್ಷನ್ನಿನಲ್ಲಿ ಇಂಥ ಗಡುವು ಇಲ್ಲ. ಹೀಗಾಗಿ ಒಂದೇ ಬ್ರಾಂಡಿನ ಬೋಲ್ಟ್ ತಯಾರಿಸುವ ಇಬ್ಬರಲ್ಲಿ ಅಲ್ಲಿನವರಿಗೆ ತಾರೀಖು, ಇಲ್ಲಿನವರಿಗೆ ತಾಳ್ಮೆ.

ಮಳೆಗಾಲ ಹಿಡಿದ ಮೇಲೆ ಇಬ್ಬರು ಆಂತರಿಕ ಲೆಕ್ಕಪರಿಶೋಧಕರು ಬಂದರು. ವಾರ್ಷಿಕ ತಪಾಸಣೆ ಎಂದರು. ಬೋಲ್ಟ್ ಎಣಿಸಿದರು, ಬಣ್ಣದ ಡಬ್ಬಿಗಳ ಅವಧಿ ನೋಡಿದರು, ನನ್ನ ರಿಜಿಸ್ಟರಿನಲ್ಲಿ ಒಂದು ಸಹಿ ಬಿಟ್ಟುಹೋದದ್ದಕ್ಕೆ ನನಗೇ ಆಕ್ಷೇಪಣೆ ಬರೆದರು. ವೇಬ್ರಿಡ್ಜಿನ ಕಂಪ್ಯೂಟರಿಗೆ ಹೋದದ್ದು ಕೊನೆಗೆ, ಬೇರೆಲ್ಲದರ ನಡುವೆ ಅದೂ ಒಂದು ಎಂಬಂತೆ. ಯಾರಿಗೂ ಅನುಮಾನ ಬರಲಿಲ್ಲ. ಆ ಆಕ್ಷೇಪಣೆಯನ್ನು ಓದುವಾಗ ನನಗೆ ಆದಷ್ಟು ಸಂತೋಷ ನನ್ನ ಬಡ್ತಿಯ ಪತ್ರ ಓದುವಾಗಲೂ ಆಗಿರಲಿಲ್ಲ. ಗುತ್ತಿಗೆದಾರ ಬದಲಾದ. ತೂಕದ ಕಟ್ಟೆಗೆ ಕ್ಯಾಮೆರಾ ಬಂತು, ಎರಡೂ ತೂಕದ ಹೊತ್ತಿಗೆ ಲಾರಿಯ ಒಳಭಾಗದ ಫೋಟೊ ತೆಗೆಯುವುದು ಕಡ್ಡಾಯವಾಯಿತು. ಸಹಿ ಹಾಕುವ ಅಧಿಕಾರಿ ವೈಯಕ್ತಿಕ ಕಾರಣಕ್ಕೆ ರಾಜೀನಾಮೆ ಕೊಟ್ಟರು. ಬೀಳ್ಕೊಡುಗೆಯಲ್ಲಿ ಮೈಸೂರು ಪೇಟ, ಹಾರ, ಫಲತಾಂಬೂಲ ಎಲ್ಲ ಆಯಿತು. ಜಾಲತಾಣದಲ್ಲಿ ಸಾಲು ಬದಲಾಯಿತು: "ತನಿಖೆ ಪೂರ್ಣಗೊಂಡಿದೆ. ಸೂಕ್ತ ಕ್ರಮ ಕೈಗೊಳ್ಳಲಾಗಿದೆ." ದೂರು ನಿಜವೆಂದು ಕಂಡುಬಂತೋ ಇಲ್ಲವೋ ಎಂಬುದನ್ನು ಕೂಡ ಹೇಳಲಿಲ್ಲ. ಯಾರಿಗೆ ಏನು ಶಿಕ್ಷೆ ಎಂದು ನಾನು ಕೇಳುತ್ತಿಲ್ಲ, ಅದು ಅವರ ಗುಟ್ಟು. ಹೌದು ಅಥವಾ ಅಲ್ಲ ಎಂಬ ಒಂದು ಮಾತಿಗೇನು ಬಡತನ?

ಹೆಣ್ಣುಮಕ್ಕಳು ತಿಳಿದುಕೊಳ್ಳಬೇಕಾದ ಒಂದು ಸಂಗತಿ ಇದರಲ್ಲಿದೆ. ಪ್ಯಾಕಿಂಗ್ ವಿಭಾಗದ ಹುಡುಗಿಯೊಬ್ಬಳು ಮೇಲ್ವಿಚಾರಕನ ಅಸಭ್ಯ ವರ್ತನೆಯ ಬಗ್ಗೆ ಇದೇ ಸಹಾಯವಾಣಿಗೆ ಹೆಸರಿಲ್ಲದೆ ದೂರು ಕೊಟ್ಟಿದ್ದಳು. ಕೆಲವು ವಾರ ಕಾದ ಮೇಲೆ, ಇದನ್ನು ಆಂತರಿಕ ಸಮಿತಿಗೆ ಲಿಖಿತವಾಗಿ ಕೊಡಿ ಎಂದು ಉತ್ತರ ಬಂತು. ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆ ಸಮಿತಿ ಇರಬೇಕು. ಘಟನೆ ನಡೆದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ತಡವಾದುದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನು ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಬರೆಯಲು ಆಗದವರಿಗೆ ಬರೆಯಲು ನೆರವಾಗುವುದೂ ಸಮಿತಿಯ ಕೆಲಸ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ವಿವರಗಳು ಹೊರಗೆ ಹೋಗುವಂತಿಲ್ಲ, ಆದರೆ ಆರೋಪ ಹೊತ್ತವನಿಗೆ ದೂರಿನ ಪ್ರತಿ ಸಿಗುತ್ತದೆ. ಅಂದರೆ ಅಲ್ಲಿ ಅನಾಮಧೇಯತೆ ನಡೆಯುವುದಿಲ್ಲ. ಸಹಾಯವಾಣಿಯಲ್ಲಿ ಕಳೆದ ವಾರಗಳು ಆ ಮೂರು ತಿಂಗಳಲ್ಲೇ ಕರಗುತ್ತವೆ. ಮೊದಲ ಕರೆಯಲ್ಲೇ ಹೇಳಬಹುದಾಗಿದ್ದ ಮಾತಿದು. ನನಗೆ ಅಷ್ಟು ಜಾಣ ಪ್ರಶ್ನೆ ಕೇಳಿದ ಸಂಸ್ಥೆ ಅವಳಿಗೆ ಇದನ್ನು ಹೇಳಲಿಲ್ಲ. ಬಹುಶಃ ಅವಳಿಗೆ ಸಿಕ್ಕವರು ಬೇರೆ. ಅವಳನ್ನು ನನ್ನ ಮೇಜಿನ ಎದುರೇ ಕೂರಿಸಿ ದೂರು ಬರೆಸಿದೆ, ಗಡುವಿನೊಳಗೆ ತಲುಪಿತು.

ಪೋಸ್ಟರಿಗೂ ಜಾಲತಾಣಕ್ಕೂ ಸೇರಿಸಿ ಅರ್ಧ ನಕ್ಷತ್ರ ಕಳೆದಿದ್ದೇನೆ. ಉಳಿದ ಒಂದು ನಕ್ಷತ್ರ ಹೋದದ್ದು ವೇಬ್ರಿಡ್ಜ್ ನಡೆಸುತ್ತಿದ್ದ ಹುಡುಗನ ಲೆಕ್ಕಕ್ಕೆ. ಶಿರಾ ಕಡೆಯವನು, ಗುತ್ತಿಗೆ ನೌಕರ. ಟಾರ್ಪಾಲಿನ್ ಎತ್ತಿ ನೋಡುವ ಅಧಿಕಾರ ಅವನಿಗೆ ಇರಲಿಲ್ಲ. ಒಮ್ಮೆ ನೋಡಲು ಹೋಗಿ ಬೈಸಿಕೊಂಡಿದ್ದ, ಆ ಬೈಗುಳವನ್ನು ನಾನೇ ಕೇಳಿದ್ದೆ. ತಪಾಸಣೆ ಮುಗಿದ ಮರುವಾರ ನಾಳೆಯಿಂದ ಬರಬೇಡ ಎಂದರು. ಪತ್ರ ಇಲ್ಲ, ಕಾರಣ ಇಲ್ಲ, ಹಾರವಂತೂ ಇಲ್ಲವೇ ಇಲ್ಲ. ನಾನು ಜಾಲತಾಣಕ್ಕೆ ಹೋಗಿ ಇಂಗ್ಲಿಷಿನಲ್ಲಿಯೇ ಬರೆದೆ: ಇವನನ್ನು ಯಾರಾದರೂ ವಿಚಾರಿಸಿದರೇ? "ಈ ಪ್ರಕರಣ ಮುಕ್ತಾಯಗೊಂಡಿದೆ, ಹೊಸ ಮಾಹಿತಿ ಸೇರಿಸಲಾಗದು" ಎಂದು ಉತ್ತರ ಬಂತು. ದೂರು ಕೊಟ್ಟವರಿಗೆ ತೊಂದರೆಯಾಗದಂತೆ ಕಾಯಲು ಇಷ್ಟೆಲ್ಲ ಏರ್ಪಾಡು ಮಾಡಿದವರು, ದೂರಿನಿಂದಾಗಿ ನಡುವೆ ಸಿಕ್ಕಿಬಿದ್ದವರಿಗೆ ಒಂದು ಕಿಟಕಿಯನ್ನೂ ಇಟ್ಟಿಲ್ಲ.

ಮತ್ತೆ 1800ಕ್ಕೆ ಕರೆ ಮಾಡಿದೆ. ಈ ಸಲ ಸಿಕ್ಕವರು ಗಂಡಸು, ಅವರೂ ಚೆನ್ನಾಗಿಯೇ ಕೇಳಿಸಿಕೊಂಡರು, ಹೊಸ ಪ್ರಕರಣವಾಗಿ ದಾಖಲಿಸಿದರು. ಹೊಸ ಸಂಖ್ಯೆ, ಹೊಸ ಪಿನ್. ನಿವೃತ್ತಿಯ ನಂತರವೂ ಅದು ತೆರೆಯುತ್ತದೆ. ಕಳೆದ ವಾರ ನೋಡಿದಾಗಲೂ "ಪರಿಶೀಲನೆಯಲ್ಲಿದೆ" ಎಂದಿತ್ತು. ಅದಕ್ಕೊಂದು ಉತ್ತರ ಬಂದರೆ ಮೇಲಿನ ಅಂಕವನ್ನು ತಿದ್ದುತ್ತೇನೆ.